ಹದಿನಾಲ್ಕು ಸೂಜಿ, ನಾಲ್ಕು ಸಿಲಿಂಡರು

ಕೆಟ್ಟು ನಿಂತ ಗಾಡಿಗೆ ಯಾರೂ ಹೆದರುವುದಿಲ್ಲ. ಅದು ಹೇಗೂ ಹೊರಡುವುದಿಲ್ಲ ಎಂಬುದು ಖಚಿತವಾಗಿರುವುದರಿಂದ ಮನುಷ್ಯ ಚಪ್ಪಲಿ ಮೆಟ್ಟಿಕೊಂಡು ನಡೆಯುತ್ತಾನೆ, ಇಲ್ಲವೇ ಪ್ರಯಾಣವನ್ನು ನಾಳೆಗೆ ಹಾಕಿ ಮಗ್ಗುಲು ಬದಲಾಯಿಸುತ್ತಾನೆ. ಹೆದರಿಕೆ ಹುಟ್ಟಿಸುವುದು ರಿಪೇರಿಯಾಗಿ ಬಂದ ಗಾಡಿ. ಅದನ್ನು ನಂಬಬೇಕಾಗುತ್ತದೆ. ನಂಬಿದ ಮೇಲೆ ಅದರ ಒಂದೊಂದು ಸದ್ದಿಗೂ ಎದೆ ಧಸಕ್ಕೆನ್ನುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಅರವತ್ತರ ದಶಕದ ಕೊನೆಯಲ್ಲಿ, ಒಂದು ಮಳೆಗಾಲದ ಹದಿನಾಲ್ಕು ದಿನ, ಹೊಸದಾಗಿ ಇಂಜಿನ್ ಬಿಚ್ಚಿ ಕಟ್ಟಿದ ನನ್ನ ಹಳೇ ಪಿಕಪ್ಪಿನ ಸ್ಟೇರಿಂಗು ಹಿಡಿದು ಕಲಿತದ್ದು. ಪಕ್ಕದ ಸೀಟಿನಲ್ಲಿ ಕೂತಿದ್ದವರು ಆ ಇಂಜಿನ್ ಕಟ್ಟಿದ ಮೇಸ್ತ್ರಿಯೇ. ಅವರ ಪ್ರಾಣವೂ ಅದೇ ಇಂಜಿನ್ನಿನ ಮೇಲೆ ನಿಂತಿತ್ತು.

ಮೊದಲು ಪಿಕಪ್ಪಿನ ವಿಷಯ ಹೇಳಿಬಿಡುತ್ತೇನೆ. ಅದು ಮಹಾಯುದ್ಧ ಮುಗಿಸಿಕೊಂಡು ಅಂತರಸಂತೆಯ ಪಕ್ಕದ ನಮ್ಮೂರಿಗೆ ಬಂದಿತ್ತು. ಸೈನ್ಯದವರು ಬೇಡವೆಂದು ಹರಾಜು ಹಾಕಿದ ಗಾಡಿಗಳಲ್ಲಿ ಒಂದನ್ನು ನಮ್ಮ ಸೋದರಮಾವ ಹಿಡಿದುಕೊಂಡು ಬಂದಿದ್ದರು. ಅವರ ತರುವಾಯ ನನ್ನ ಪಾಲಿಗೆ ಬಂತು. ಎಣ್ಣೆ ಕುಡಿಯುವುದರಲ್ಲಿ ಅದು ಯಾವ ಕುಡುಕನಿಗೂ ಕಡಿಮೆಯಿರಲಿಲ್ಲ. ಏರಿನಲ್ಲಿ ಅದು ಬಿಡುತ್ತಿದ್ದ ನೀಲಿ ಹೊಗೆ ಕಂಡು ಊರಿನವರು, ‘ಮೇಷ್ಟ್ರ ಮನೆ ಒಲೆ ರಸ್ತೆ ಮೇಲೆ ಓಯ್ತಾ ಅದೆ’ ಅನ್ನುತ್ತಿದ್ದರು. ನಾನು ಅಷ್ಟು ಹೊತ್ತಿಗೆ ಮೇಷ್ಟ್ರ ಕೆಲಸ ಬಿಟ್ಟು ತರಕಾರಿ ಬೆಳೆಯಲು ಇಳಿದಿದ್ದೆ. ಕೆಲಸ ಹೋದರೂ ಹೆಸರು ಉಳಿದಿತ್ತು. ಕಪಿಲೆಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಅಲ್ಲಿನ ಕೆಲಸಗಾರರ ಕ್ಯಾಂಪಿಗೆ ದಿನಾ ಬೆಳಿಗ್ಗೆ ಬದನೆ, ಹುರುಳಿಕಾಯಿ ಮುಟ್ಟಿಸುತ್ತೇನೆಂದು ಒಪ್ಪಿಕೊಂಡುಬಿಟ್ಟಿದ್ದೆ. ವಾರಕ್ಕೊಮ್ಮೆ ಹೊರಡುವ ಗಾಡಿಗೆ ಬಣ್ಣ ಮತ್ತು ಹಾರನ್ನು ಇದ್ದರೆ ಸಾಕು. ದಿನಾ ಹೋಗಿ ದಿನಾ ಬರುವ ಗಾಡಿಗೆ ಶೀಲ ಬೇಕು. ನಮ್ಮದಕ್ಕೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು.

ಹಾಗಾಗಿ ಜವರಯ್ಯ ಮೇಸ್ತ್ರಿಗೆ ಹೇಳಿಕಳಿಸಿದೆ. ನಮ್ಮ ಕಡೆ ಜವರಾಯ ಅಂದರೆ ಸಾಕ್ಷಾತ್ ಯಮಧರ್ಮ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ಅವನ ಹೆಸರನ್ನೇ ಇಟ್ಟುಬಿಡುತ್ತಾರೆ. ತನ್ನ ಹೆಸರಿನವನನ್ನೇ ಎಳೆದೊಯ್ಯಲು ಅವನಿಗೂ ಸಂಕೋಚವಾದೀತು ಎಂಬ ಲೆಕ್ಕಾಚಾರ. ಮೇಸ್ತ್ರಿಯ ವಿಷಯದಲ್ಲಿ ಐವತ್ತು ವರ್ಷ ಈ ಲೆಕ್ಕ ಸರಿಯಾಗಿತ್ತು. ಮಿಲಿಟರಿಯಲ್ಲಿ ಗಾಡಿ ರಿಪೇರಿ ಕಲಿತು, ಬರ್ಮಾದ ಕಾಡು ನೋಡಿ, ಅಂತರಸಂತೆಗೆ ಬಂದು ನೆಲೆಸಿದ್ದರು. ಖಾಕಿ ಚಡ್ಡಿಯನ್ನೂ ಶಿಸ್ತನ್ನೂ ಬಿಟ್ಟಿರಲಿಲ್ಲ. ಕೆಲಸ ಶುರು ಮಾಡುವ ಮೊದಲೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು:

“ತೆರ್ದ ಇಂಜಿನ್ನು ಅಂದ್ರೆ ಆಪ್ರೇಸನ್ನಿಗೆ ಕುಯ್ದ ಒಟ್ಟೆ ಇದ್ದಂಗೆ ಕಣ್ರೀ ಮೇಷ್ಟ್ರೇ. ನನ್ನ ಬುಟ್ಟು ಇನ್ನೊಬ್ರು ಬೆರಳು ಇಕ್ಕಕೂಡ್ದು. ಇಕ್ಕುದ್ರೋ, ನಾನು ಎದ್ದು ಒಂಟೋಯ್ತೀನಿ.”

ಇದು ಬರಿ ಬೆದರಿಕೆಯಲ್ಲ. ಹಿಂದೊಮ್ಮೆ ಒಬ್ಬ ಯಜಮಾನರು ತಮ್ಮದೇ ಟ್ರ್ಯಾಕ್ಟರಿನ ಒಂದು ನಟ್ಟನ್ನು ಕುತೂಹಲಕ್ಕೆ ತಿರುಗಿಸಿದರೆಂದು, ಅದನ್ನು ಅರ್ಧಕ್ಕೆ ಬಿಟ್ಟು ಸ್ಪ್ಯಾನರು ಗಂಟು ಕಟ್ಟಿಕೊಂಡು ಬಂದವರು ಅವರು.

ಹಿತ್ತಲಿನ ಹಲಸಿನ ಕೊಂಬೆಗೆ ಸರಪಳಿ ರಾಟೆ ಕಟ್ಟಿ, ಕಾಡಂಚಿನ ಹಾಡಿಯಿಂದ, ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಬೊಮ್ಮ ಮತ್ತು ಅವನ ತಮ್ಮಂದಿರು ಬಂದು ಕೈಕೊಟ್ಟು, ಇಂಜಿನ್ನನ್ನು ಮೇಲೆತ್ತಿ ಇಳಿಸಿದ್ದಾಯಿತು. ಸವೆದ ಸಿಲಿಂಡರುಗಳನ್ನು ಕೊರೆಸಲು ಮೈಸೂರಿಗೆ ಕಳಿಸಿದ್ದಾಯಿತು. ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ಬೇರಿಂಗು ಅಂತ ಮೇಸ್ತ್ರಿ ಮೈಸೂರಿಗೂ ನಮ್ಮೂರಿಗೂ ಓಡಾಡಿದರು. ನಾನು ಮಾತ್ರ ದಿನಾ ಬೆಳಿಗ್ಗೆ ಹೋಗಿ, “ನಾಳೆಗೆ ಆಗುತ್ತಾ ಮೇಸ್ತ್ರಿ?” ಎಂದು ಕೇಳುವ ಕೆಲಸವನ್ನು ತಪ್ಪದೆ ಮಾಡಿದೆ. ಈ ಮಾತನ್ನು ಒಂದು ದಿನ ಕೇಳಿದರೆ ಪ್ರಶ್ನೆ, ಇಪ್ಪತ್ತು ದಿನ ಕೇಳಿದರೆ ಚಿತ್ರಹಿಂಸೆ. ಅದು ನನಗೆ ಆಗ ತಿಳಿಯಲಿಲ್ಲ.

ಇನ್ನು ನಮ್ಮವ್ವ. ಅವ್ವನಿಗೆ ಒಂದು ನೇಮವಿತ್ತು: ಬರಿದಾದ ಪಾತ್ರೆಯನ್ನು ಮುಚ್ಚಬಾರದು. ರಾಗಿ ತುಂಬಿಡುವ ಮಣ್ಣಿನ ವಾಡೆ ಖಾಲಿಯಾದರೂ ತಳದಲ್ಲಿ ಒಂದು ಹಿಡಿ ಉಳಿಸಿಯೇ ಮುಚ್ಚಳ ಹಾಕಬೇಕು. ಬರಿದಾಗಿ ಮುಚ್ಚಿದ್ದು ಬರಿದಾಗಿಯೇ ಉಳಿಯುತ್ತದೆ ಎಂಬುದು ಅವಳ ನಂಬಿಕೆ. ನಮ್ಮ ಸುತ್ತಿನ ಎಷ್ಟೋ ಮನೆಗಳ ನಂಬಿಕೆಯೂ ಹೌದು. ಇಂಜಿನ್ನಿಗೆ ಮೇಲಿನ ಹೆಡ್ಡು ಕೂರಿಸಬೇಕಾದ ದಿನ ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋಗಿದ್ದರು. ಅವ್ವ ಹಿತ್ತಲಿಗೆ ಬಂದಳು. ನಾಲ್ಕು ದೊಡ್ಡ ಹೊಂಡಗಳು ಥಳಥಳ ಹೊಳೆಯುತ್ತ ಬಾಯಿ ತೆರೆದು ಕೂತಿವೆ, ಪಕ್ಕದಲ್ಲಿ ಅವುಗಳ ಮುಚ್ಚಳ ಸಿದ್ಧವಾಗಿದೆ, ಒಳಗೆ ಏನೂ ಇಲ್ಲ. ನಾನು ನೀರು ಕುಡಿದು ಬರುವಷ್ಟರಲ್ಲಿ ಅವಳು ಅರಿಶಿನ ಕಲಸಿದ ಅಕ್ಕಿ ತಂದು, ಚಿಟಿಕೆ ಚಿಟಿಕೆಯಾಗಿ ಹಾಕಿ ಮುಗಿಸಿದ್ದಳು. ಅದೂ ನಾಲ್ಕು ಸಿಲಿಂಡರಿಗೆ ಮಾತ್ರವಲ್ಲ. ನೀರು ಹರಿಯುವ ತೂತು, ಎಣ್ಣೆ ಇಳಿಯುವ ತೂತು, ಬೋಲ್ಟಿನ ತೂತು ಎಂಬ ಭೇದವೆಣಿಸದೆ ಕಂಡ ಕಂಡ ಬಾಯಿಗೆಲ್ಲ ಉಣ್ಣಿಸಿದ್ದಳು.

“ದಿನಾ ದುಡಿಯೋ ವಸ್ತ ಕಣ್ಲಾ ಮಗ. ಬರಿದು ಮಾಡಿ ಮುಚ್ಚಬಾರ್ದು. ನಾಕು ಕಾಳು ಇರ್ಲಿ ಬುಡು,” ಎಂದು ಕೈಮುಗಿದು ಒಳಗೆ ಹೋದಳು.

ನಾನು ಮಂಡಿಯೂರಿ ಕೂತು, ಅವಳ ತಲೆಪಿನ್ನನ್ನೇ ಇಸಿದುಕೊಂಡು, ಕಂಡ ಕಾಳುಗಳನ್ನೆಲ್ಲ ಒಂದೊಂದಾಗಿ ಎತ್ತಿದೆ. ಹತ್ತೊಂಬತ್ತು ಸಿಕ್ಕವು. ಹಾಕಿದ್ದು ಎಷ್ಟು? ಅವ್ವನನ್ನು ಕೇಳಿದರೆ, “ದೇವ್ರಿಗೆ ಆಕದ್ನ ಯಾರಾದ್ರೂ ಎಣಿಸ್ತಾರಾ?” ಎಂದಳು. ವಿಜ್ಞಾನ ಪಾಠ ಮಾಡಿದ ಮೇಷ್ಟ್ರಾದ್ದರಿಂದ ಪ್ರಯೋಗ ಮಾಡಿ ನೋಡಿದೆ. ಅವಳಿಂದ ತಟ್ಟೆಯ ಮೇಲೆ ಒಂದು ಚಿಟಿಕೆ ಹಾಕಿಸಿ ಎಣಿಸಿದೆ: ಏಳು. ಇನ್ನೊಂದು ಚಿಟಿಕೆ: ಮೂರು. ಮತ್ತೊಂದು: ಹನ್ನೊಂದು. ತಾಯಿಯ ಕೈಗೆ ಅಳತೆಯಿಲ್ಲ ಅನ್ನುತ್ತಾರಲ್ಲ, ಅದು ಬಹಳ ಅಪಾಯಕಾರಿ ಸತ್ಯ. ಅಷ್ಟರಲ್ಲಿ ಮೇಸ್ತ್ರಿ ಬಂದರು. ಹೇಳಬೇಕಿತ್ತು. ಆದರೆ ಹೇಳಿದರೆ ಅವರು ಎದ್ದು ಹೋಗುತ್ತಾರೆ, ಕ್ಯಾಂಪಿನ ಮಾತು ತಪ್ಪುತ್ತದೆ, ಅವ್ವ ಸಪ್ಪಗಾಗುತ್ತಾಳೆ. ಹತ್ತೊಂಬತ್ತು ಅಕ್ಕಿಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಾನು ಸುಮ್ಮನೆ ನಿಂತೆ. ಮೇಸ್ತ್ರಿ ಹೆಡ್ಡು ಕೂರಿಸಿ ನಟ್ಟು ಬಿಗಿದರು.

ಗಾಡಿ ಚೆನ್ನಾಗಿಯೇ ಹೊರಟಿತು. ಹೊಗೆ ನಿಂತುಹೋಗಿತ್ತು. “ಮೊದುಲ್ನೇ ಐನೂರು ಮೈಲಿ ಇಪ್ಪತ್ತೈದರ ಮೇಲೆ ಓಡಿಸ್ಬ್ಯಾಡಿ. ಒಸ ರಿಂಗು, ಇನ್ನೂ ಒಂದ್ಕಂಡಿಲ್ಲ,” ಎಂದು ನನಗೆ ಹೇಳಿ, ಊರಿನವರಿಗೆ ಕೇಳುವಂತೆ, “ಇನ್ನು ಈ ಗಾಡಿ ದಿನಾ ಮೈಸೂರ್ಗೋಗಿ ಬರ್ತದೆ, ನೋಡ್ತಿರಿ,” ಎಂದು ಜವರಯ್ಯ ಸಾರಿದರು. ಮೂರನೆಯ ದಿನ, ಎಣ್ಣೆ ಎಲ್ಲಾದರೂ ಸೋರುತ್ತಿದೆಯೋ ನೋಡಲು ಗಾಡಿಯ ಕೆಳಗೆ ಅಂಗಾತ ಮಲಗಿದ್ದರು. ಖಾಕಿ ಚಡ್ಡಿಯ ಎರಡು ಕಾಲು ಆಚೆ. ಓಣಿಯಲ್ಲಿ ಒಂದು ನಾಯಿ ತಲೆ ತಗ್ಗಿಸಿ, ಜೊಲ್ಲು ಸುರಿಸಿಕೊಂಡು ಬಂತು. ನಾನು ಕೂಗುವಷ್ಟರಲ್ಲಿ ಬಲಗಾಲಿನ ಮೀನಖಂಡಕ್ಕೆ ಬಾಯಿ ಹಾಕಿ, ಏನೂ ಆಗದಂತೆ ಮುಂದೆ ಹೋಯಿತು. ಮೇಸ್ತ್ರಿ ಕೆಳಗಿನಿಂದಲೇ, “ಯಾವನ್ಲಾ ಅವನು ಆಟ ಆಡೋನು?” ಎಂದು ಗದರಿದರು.

ಮಾರನೆಯ ಬೆಳಿಗ್ಗೆ ಬೊಮ್ಮ ಬಂದು, ಆ ನಾಯಿ ಹಳ್ಳದ ಹತ್ತಿರ ಬಿದಿರು ಮೆಳೆಯಲ್ಲಿ ಸತ್ತು ಬಿದ್ದಿದೆ, ಬಾಯಲ್ಲಿ ನೊರೆ ಇದೆ ಎಂದ. ಆಗ ನಮ್ಮ ಸುತ್ತಿನಲ್ಲಿ ಹುಚ್ಚುನಾಯಿ ಕಡಿತಕ್ಕೆ ಮದ್ದು ಒಂದೇ: ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ನಮಗೆ ಅದು ಸಿಗುತ್ತಿದ್ದುದು ಸುಮಾರು ಮೂವತ್ತು ಮೈಲಿ ದೂರದ ಹುಣಸೂರಿನಲ್ಲಿ, ಮಧ್ಯಾಹ್ನ ಹನ್ನೆರಡರ ಒಳಗೆ. ನಡುವೆ ಒಂದು ದಿನವೂ ತಪ್ಪಕೂಡದು ಎಂದು ಅಂತರಸಂತೆಯ ಡಾಕ್ಟರು ಎರಡೆರಡು ಸಲ ಹೇಳಿದರು. ರೋಗ ಏರಿದ ಮೇಲೆ ಯಾವ ಮದ್ದೂ ನಾಟುವುದಿಲ್ಲ ಎಂಬುದನ್ನು ಅವರು ಹೇಳಬೇಕಾಗಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ನಮ್ಮ ಬಸ್ಸು ಹಿಡಿದು, ತಾಲ್ಲೂಕು ಕೇಂದ್ರವಾದ ಕೋಟೆಯಲ್ಲಿ ಇಳಿದು, ಇನ್ನೊಂದು ಬಸ್ಸು ಕಾದರೆ ಹುಣಸೂರು ಮುಟ್ಟುವಾಗ ಹೊತ್ತು ಮೀರಿರುತ್ತಿತ್ತು.

“ಮೇಸ್ತ್ರಿ, ಹದಿನಾಲ್ಕು ದಿನ ಹುಣಸೂರಿನಲ್ಲೇ ಇದ್ದುಬಿಡಿ. ನಾನು ಏರ್ಪಾಡು ಮಾಡುತ್ತೇನೆ,” ಎಂದೆ. ನನ್ನ ಕಣ್ಣ ಮುಂದೆ ಎಣ್ಣೆಯ ತೂತಿನಲ್ಲಿ ಸಿಕ್ಕಿಕೊಂಡ ಒಂದು ಹಳದಿ ಕಾಳು ಇತ್ತು.

ಅವರ ಮುಖ ಕೆಂಪಾಯಿತು. “ಯಾಕ್ರೀ? ನಾನು ಕಟ್ಟಿದ ಇಂಜಿನ್ ಮೇಲೆ ನಂಬ್ಕೆ ಇಲ್ವಾ? ದಿನಾ ಓಡ್ತದೆ ಅಂತ ಊರ್ಗೆಲ್ಲ ಸಾರಿವ್ನಿ. ಈಗ ನಾನೇ ಆಸ್ಪತ್ರೆ ಜಗಲಿ ಮ್ಯಾಲೆ ಮನಿಕಂಡ್ರೆ ಜನ ನಗಾಕಿಲ್ವಾ?”

ಮೇಸ್ತ್ರಿಯ ಗಾಡಿಯನ್ನು ನಂಬುವುದಿಲ್ಲ ಎಂದರೆ ಅವಮಾನ. ಯಾಕೆ ನಂಬುವುದಿಲ್ಲ ಎಂದು ಹೇಳಿದರೆ ನನ್ನ ಕಳ್ಳತನ ಬಯಲು. ತರಕಾರಿಯನ್ನು ಎತ್ತಿನ ಗಾಡಿಗೆ ಹಾಕಿ, ಮೇಸ್ತ್ರಿಯನ್ನು ಪಿಕಪ್ಪಿಗೆ ಹಾಕಿಕೊಂಡು ಹೊರಟೆ.

ದಿನಾ ಬೆಳಿಗ್ಗೆ ಏಳಕ್ಕೆ ಅವರ ಮನೆಯ ಮುಂದೆ ಗಾಡಿ ನಿಲ್ಲಿಸುತ್ತಿದ್ದೆ. ನೀರು ಕಂಡರೆ ಹೆದರಿಕೆಯಾಗುವುದು ಆ ರೋಗದ ಲಕ್ಷಣವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಹೊಸಿಲ ಮೇಲೆ ನಿಂತು, ಒಂದು ಚೊಂಬು ನೀರನ್ನು ಗಟಗಟ ಕುಡಿದು, ಚೊಂಬನ್ನು ಬೋರಲು ಮಾಡಿ ನನಗೆ ತೋರಿಸುತ್ತಿದ್ದರು. ನಾನು ಉಸಿರು ಬಿಡುತ್ತಿದ್ದೆ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಮೇಲೇರುವವರೆಗೆ ಮತ್ತೆ ಉಸಿರು ಹಿಡಿಯುತ್ತಿದ್ದೆ. ಮೂವತ್ತರ ಮೇಲಿದ್ದರೆ ಇಂಜಿನ್ನಿನ ರಕ್ತ ಸರಿಯಾಗಿ ಓಡುತ್ತಿದೆ ಎಂದು ಅರ್ಥ. ದಾರಿಯುದ್ದಕ್ಕೂ ಇಪ್ಪತ್ತೈದು ಮೈಲಿಯ ವೇಗ. ಪಕ್ಕದಲ್ಲಿ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಾಲಬುಡದ ಕಬ್ಬಿಣಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು, ಡಾಕ್ಟರು ಎದೆ ನೋಡುವ ಹಾಗೆ ಕೇಳುತ್ತ ಕೂತಿರುತ್ತಿದ್ದರು. ಮಾತಿಲ್ಲ. ಜೀವಭಯಕ್ಕೆ ಹೀಗಾಗಿದ್ದಾರೆಂದು ನಾನು ಅಂದುಕೊಂಡೆ. ನನ್ನ ಮೌನವನ್ನು ಅವರು ಏನೆಂದುಕೊಂಡರೋ.

ಆರನೆಯ ದಿನ ಕಾಕನಕೋಟೆಯ ಕಾಡಿನ ಅಂಚಿನಲ್ಲಿ ಆನೆಗಳು ರಸ್ತೆ ದಾಟುತ್ತಿದ್ದವು. ಮರಿ ಇದ್ದ ಹಿಂಡು. ಬುದ್ಧಿವಂತರು ಇಂಜಿನ್ ನಿಲ್ಲಿಸಿ ಸುಮ್ಮನಿರುತ್ತಾರೆ. ನಾನು ಚಾವಿಗೆ ಕೈ ಹಾಕಿದೆ. ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದು ತಲೆಯಾಡಿಸಿದರು. ಹೊಸ ಇಂಜಿನ್ ಬಿಗಿಯಾಗಿರುತ್ತದೆ. ಬಿಸಿಯಲ್ಲಿ ನಿಂತರೆ ಮತ್ತೆ ತಿರುಗುತ್ತದೆಂಬ ಖಾತ್ರಿ ಇಲ್ಲ, ಮತ್ತು ಹ್ಯಾಂಡಲ್ ಹಾಕಿ ತಿರುಗಿಸಲು ಆನೆಗಳ ಮುಂದೆ ಇಳಿಯುವವರು ಯಾರು? ಗಾಡಿ ಗುಡುಗುಡು ಅನ್ನುತ್ತ ನಿಂತಿತು. ಒಂದು ಆನೆ ತಿರುಗಿ ಕಿವಿ ಅಗಲಿಸಿತು. ನಾನು ನೋಡುತ್ತಿದ್ದುದು ಆನೆಯನ್ನಲ್ಲ, ಮುಳ್ಳನ್ನು. ಅದು ಇಪ್ಪತ್ತಕ್ಕೆ ಇಳಿದು, ಅಲ್ಲೇ ನಡುಗುತ್ತ ನಿಂತಿತ್ತು. ಆನೆ ಹೋಯಿತು. ಆನೆಗಿಂತ ಅಕ್ಕಿಕಾಳಿಗೆ ಹೆದರಿದ ಮನುಷ್ಯ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇದ್ದಿರಬೇಕು.

ಹದಿಮೂರನೆಯ ದಿನ ರಾತ್ರಿಯ ಮಳೆಗೆ ಮರ ಉರುಳಿ, ಅದನ್ನು ಕಡಿದು ಸರಿಸುವವರೆಗೆ ಕಾಯಬೇಕಾಯಿತು. ಕೋಟೆ ದಾಟಿ ಹುಣಸೂರಿನ ರಸ್ತೆಗೆ ಬಿದ್ದಾಗ ಹತ್ತು ಗಂಟೆ ಮೀರಿತ್ತು. ಇನ್ನು ಹನ್ನೊಂದು ಮೈಲಿ ಇದೆ ಅನ್ನುವಾಗ ಕೆಳಗಿನಿಂದ ಒಂದು ಸದ್ದು ಬಂತು. ಕಟ್, ಕಟ್, ಕಟ್. ಯಾರೋ ಒಳಗಿನಿಂದ ಬಾಗಿಲು ಬಡಿದ ಹಾಗೆ. ಮುಳ್ಳು ನೋಡಿದೆ: ಹತ್ತಕ್ಕೆ ಬಿದ್ದಿತ್ತು.

“ನಿಲ್ಸಿ,” ಎಂದರು ಮೇಸ್ತ್ರಿ. ನಿಲ್ಲಿಸಿದೆ. ಹಿಂದೆಯಾಗಲಿ ಮುಂದೆಯಾಗಲಿ ಒಂದು ಗಾಡಿಯಿಲ್ಲ. ಗಡಿಯಾರದಲ್ಲಿ ಹತ್ತೂವರೆ. ಒಂದು ಅಕ್ಕಿಕಾಳಿಗೆ ಒಬ್ಬ ಮನುಷ್ಯನನ್ನು ಕೊಂದೆನಲ್ಲ ಅನ್ನಿಸಿ, ಹದಿನಾರು ದಿನದಿಂದ ಮುಚ್ಚಿಟ್ಟದ್ದು ಹೊರಬಂತು.

“ತಪ್ಪು ನನ್ನದು ಮೇಸ್ತ್ರಿ. ನೀವು ಊಟಕ್ಕೆ ಹೋದಾಗ ಅವ್ವ ಇಂಜಿನ್ನಿಗೆ ಅಕ್ಷತೆ ಹಾಕಿದಳು. ನಾನು ಹತ್ತೊಂಬತ್ತು ಕಾಳು ತೆಗೆದೆ. ಉಳಿದದ್ದು ಒಳಗಿದೆ. ನಿಮಗೆ ಹೇಳಲಿಲ್ಲ.”

ಅವರು ನನ್ನನ್ನೇ ನೋಡಿದರು. ಬೈಯುತ್ತಾರೆಂದು ಕಾದೆ. ಬಾಗಿಲು ತೆಗೆದು ಇಳಿದು ಹೋಗಿಬಿಡುತ್ತಾರೇನೋ ಅಂದುಕೊಂಡೆ. ಅವರು ಸ್ಕ್ರೂಡ್ರೈವರನ್ನು ತೊಡೆಯ ಮೇಲಿಟ್ಟು ತಲೆ ತಗ್ಗಿಸಿದರು.

“ಅಕ್ಕಿ ಅಲ್ಲ ಕಣ್ರೀ. ಎಣ್ಣೆ ತೊಟ್ಟೀಲಿ ಜಾಲರಿ ಅದೆ. ಒಂದು ಸೇರು ಅಕ್ಕಿ ಸುರುದ್ರೂ ಅಲ್ಲೇ ಕುಂತಿರ್ತದೆ.” ಕಾಲಬುಡದ ಕಬ್ಬಿಣವನ್ನು ಬೆರಳಿನಿಂದ ತಟ್ಟಿ ಹೇಳಿದರು: “ಇದು ನನ್ನ ಕೆಲ್ಸ. ಮೂರನೇ ಸಿಲಿಂಡ್ರುದು. ಅದುಕ್ಕೆ ಸರ್ಯಾದ ಅಳತೆ ಬೇರಿಂಗು ಮೈಸೂರಲ್ಲಿ ಸಿಕ್ನಿಲ್ಲ, ಸಿಕ್ಕಿದ್ದು ಸಡ್ಲ. ಬೊಂಬಾಯಿಂದ ಬರ್ಬೇಕು, ತಿಂಗ್ಳಾಯ್ತದೆ ಅಂದ್ರು. ನೀವು ನೋಡುದ್ರೆ ದಿನಾ ಬಂದು ನಾಳಿಕೆ ಆಯ್ತದಾ, ನಾಳಿಕೆ ಆಯ್ತದಾ ಅಂತಿದ್ರಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗ್ದ ಮಡಿಸಿ ಬೇರಿಂಗಿನ ಇಂದ್ಗಡೆ ಕೊಟ್ಟು ಬಿಗುದ್ಬುಟ್ಟೆ. ಬರ್ಮಾದಲ್ಲಿ ಅಂಗೇ ಮಾಡ್ತಿದ್ದೊ.”

“ಹದಿಮೂರು ದಿನ ನೀವು ಕೇಳುತ್ತಿದ್ದದ್ದು...”

“ಅದ್ನೇ. ಆ ಕಾಗ್ದ ಯಾವತ್ತು ಜಾರ್ತದೋ ಅಂತ ಕೇಳ್ತಿದ್ದೆ.”

ಹುಚ್ಚುನಾಯಿಯ ವಿಷ ಮೈಯಲ್ಲಿರುವ ಮನುಷ್ಯ, ತನ್ನ ಕೈಯಾರೆ ಕಾಗದ ಇಟ್ಟು ಕಟ್ಟಿದ ಇಂಜಿನ್ನಿನ ಮೇಲೆ, ಊರಿನ ಮುಂದೆ ಆಡಿದ ಒಂದು ಮಾತಿಗಾಗಿ ದಿನಾ ಅರವತ್ತು ಮೈಲಿ ಕೂತಿದ್ದ. ನನಗೆ ಸಿಟ್ಟು ಬಂತು. ಆಮೇಲೆ ಅಳು ಬಂದ ಹಾಗಾಯಿತು. ಯಾಕೆಂದರೆ ನಾನು ಮಾಡಿದ್ದೂ ಅದನ್ನೇ. ಅವರ ಮಾನ ಅವರ ಬಾಯಿ ಕಟ್ಟಿತ್ತು, ನನ್ನ ಅಂಜಿಕೆ ನನ್ನ ಬಾಯಿ ಕಟ್ಟಿತ್ತು. ಗಾಡಿ ಪಾಪ, ತನಗೆ ಗೊತ್ತಿದ್ದನ್ನು ಮೊದಲ ಅವಕಾಶದಲ್ಲೇ ಹೇಳಿತ್ತು.

ಆದರೆ ತತ್ತ್ವಚಿಂತನೆಗೆ ಹೊತ್ತಿರಲಿಲ್ಲ. ಮೇಸ್ತ್ರಿ ಸೂಜಿಗಳಿಂದ ನೋಯುತ್ತಿದ್ದ ಹೊಟ್ಟೆ ಹಿಡಿದುಕೊಂಡೇ ಇಳಿದು, ಬಾನೆಟ್ ಎತ್ತಿ, ಮೂರನೆಯ ಸಿಲಿಂಡರಿನ ಪ್ಲಗ್ಗಿನ ವೈರು ಕಿತ್ತರು. ಅದರಲ್ಲಿ ಬೆಂಕಿ ಹೊತ್ತದಿದ್ದರೆ ಆ ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ. “ಮೂರರಲ್ಲಿ ಓಗೋಣ. ಎಂಟು ಮೈಲಿ ಮ್ಯಾಲೆ ಬ್ಯಾಡ. ಆಗ್ದೆ ಓದ್ರೆ ನಡ್ಕಂಡು ಓಗೋಣ ಬುಡಿ.” ಗಾಡಿ ಕುಂಟುತ್ತ, ಮೈಯೆಲ್ಲ ಅದುರುತ್ತ ಹೊರಟಿತು. ಎಂಟು ಮೈಲಿ ವೇಗದಲ್ಲಿ ಹನ್ನೊಂದು ಮೈಲಿ ಹೋಗಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕವನ್ನು ಮಕ್ಕಳಿಗೆ ಎಷ್ಟೋ ಸಲ ಹಾಕಿಸಿದ್ದೆ. ಆ ದಿನ ಅದನ್ನು ಮೈಲಿಗಲ್ಲಿಗೊಂದು ಸಲ ನಾನೇ ಹಾಕಿದೆ. ಪ್ರತಿ ಸಲವೂ ಉತ್ತರ ಹನ್ನೆರಡರ ಆಸುಪಾಸೇ ಬರುತ್ತಿತ್ತು. ಆಸ್ಪತ್ರೆಯ ಅಂಗಳಕ್ಕೆ ಗಾಡಿ ನುಗ್ಗಿದಾಗ ನರ್ಸಮ್ಮ ಸೂಜಿ ಕೋಣೆಯ ಬಾಗಿಲಿಗೆ ಚಿಲಕ ಹಾಕುತ್ತಿದ್ದರು. ಮೇಸ್ತ್ರಿ ನಡೆಯುತ್ತಲೇ ಅಂಗಿ ಎತ್ತಿಕೊಂಡರು.

“ಯಾಕಯ್ಯಾ ಇಷ್ಟು ತಡ?” ಎಂದರು ಅಲ್ಲಿನ ಡಾಕ್ಟರು.

“ಬೇರಿಂಗು ಬುಡ್ತು ಸಾರ್. ನಾನೇ ಸರ್ಯಾಗಿ ಆಕಿರ್ನಿಲ್ಲ,” ಎಂದರು ಜವರಯ್ಯ. ಕೋಣೆಯ ಹೊರಗೆ ಕೂತಿದ್ದ ಹತ್ತು ಜನಕ್ಕೂ ಕೇಳಿಸಿತು. ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ನಾನು ಮೊದಲ ಸಲ ಕೇಳಿದೆ. ಹೊರಗೆ ಬಂದು, “ಮೇಷ್ಟ್ರೇ, ಇವತ್ತು ಇಲ್ಲೇ ಮನಿಕಳಾವ. ಬಸ್ಸಿನ ಕಂಡಕ್ಟ್ರ ಕೈಲಿ ಊರ್ಗೆ ಏಳಿಕಳ್ಸಿ,” ಎಂದರು. ಆ ಜಗಲಿಯ ಮೇಲೆಯೇ ಮಲಗಿದೆವು. ಯಾರೂ ನಗಲಿಲ್ಲ.

ಬೊಂಬಾಯಿಯಿಂದ ಬೇರಿಂಗು ಬಂದದ್ದು, ಇಂಜಿನ್ ಮತ್ತೆ ಬಿಚ್ಚಿ ಕಟ್ಟಿದ್ದು, ಆ ಗಾಡಿ ಆಮೇಲೆ ಬಹಳ ವರ್ಷ ದಿನಾ ಹೋಗಿ ದಿನಾ ಬಂದದ್ದು, ಮೇಸ್ತ್ರಿಯೂ ಬಹಳ ವರ್ಷ ಚೊಂಬುಗಟ್ಟಲೆ ನೀರು ಕುಡಿದುಕೊಂಡು ಬದುಕಿದ್ದು, ಎಲ್ಲ ಸಂತೋಷದ ವಿಷಯಗಳೇ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಹದಿನಾಲ್ಕನೆಯ ದಿನ ವಾಪಸು ಬಂದ ದಾರಿ. ಬೆಳಿಗ್ಗೆಯೇ ಕೊನೆಯ ಸೂಜಿ ಮುಗಿಸಿಕೊಂಡು ಮೂರು ಸಿಲಿಂಡರಿನಲ್ಲಿ ಹೊರಟಿದ್ದೆವು. ಮಳೆ ಬಿಟ್ಟು ಎಳೆ ಬಿಸಿಲು ಬಿದ್ದಿತ್ತು. ಸ್ವಲ್ಪ ದೂರ ಬಂದ ಮೇಲೆ ಏನೋ ಕೇಳಿದೆ. ಮೇಸ್ತ್ರಿಯಿಂದ ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದೆ. ಇಲ್ಲ. ತಿರುಗಿ ನೋಡಿದರೆ, ಸ್ಕ್ರೂಡ್ರೈವರು ಕಾಲಬುಡದಲ್ಲಿ ಉರುಳಾಡುತ್ತಿತ್ತು. ಮೇಸ್ತ್ರಿ ಬಾಗಿಲಿಗೆ ತಲೆ ಆನಿಸಿ, ಬಾಯಿ ತೆರೆದುಕೊಂಡು, ಗಾಢವಾಗಿ ನಿದ್ದೆ ಹೋಗಿದ್ದರು. ಗಾಡಿ ಸರಿಯಾಗಿ ಓಡುತ್ತಿದ್ದ ಅಷ್ಟು ದಿನ ರೆಪ್ಪೆ ಮುಚ್ಚದ ಮನುಷ್ಯ, ಕೆಟ್ಟ ಗಾಡಿಯಲ್ಲಿ ಗೊರಕೆ ಹೊಡೆಯುತ್ತಿದ್ದ. ಮುಂದೆ ಹುಲ್ಲು ಹೇರಿಕೊಂಡ ಒಂದು ಎತ್ತಿನ ಗಾಡಿ ರಸ್ತೆಯ ನಟ್ಟನಡುವೆ ಹೋಗುತ್ತಿತ್ತು. ಹಾರನ್ನು ಹೊಡೆದರೆ ಎಚ್ಚರವಾದೀತೆಂದು, ಕೋಟೆಯವರೆಗೂ ಅದರ ಹಿಂದೆಯೇ ಹೋದೆ.